ಕೊನೆಗೂ ವಾಲೈ ಸಿಕ್ಕಿತು

ಅಮೆರಿಕದ ಮಿನ್ನೆಸೋಟಾದಲ್ಲಿ ವಾಲೈ 1965ರಿಂದ ರಾಜ್ಯದ ಅಧಿಕೃತ ಮೀನು. ಆದರೆ ಮನೆ ಹತ್ತಿರದ ಪುಟ್ಟ ಕೆರೆಯಲ್ಲಿ 2 ಬೇಸಿಗೆ ಗಾಳ ಹಾಕಿದರೂ ನನಗೆ ಸಿಕ್ಕಿದ್ದು ಬರೀ ಸನ್‌ಫಿಶ್ ಅನ್ನುವ ಸಣ್ಣ ಮೀನು.

ತಪ್ಪು ನನ್ನದೇ. ತಿಂಡಿ ಮುಗಿಸಿ 10 ಗಂಟೆ ಬಿಸಿಲಲ್ಲಿ ಹೋಗುತ್ತಿದ್ದೆ. ವಾಲೈ ಕಣ್ಣಿನೊಳಗೆ ಬೆಕ್ಕಿನದರ ಹಾಗೆ ಬೆಳಕು ಹಿಂತಿರುಗಿಸುವ ಪದರ ಇದೆ. ಅದರ ಬೇಟೆಯೆಲ್ಲ ಹೆಚ್ಚಾಗಿ ಮಬ್ಬಿನಲ್ಲಿ. ನೀರು ತಿಳಿಯಾಗಿದ್ದರೆ ಹಗಲು ಆಳಕ್ಕೋ ನೀರೊಳಗಿನ ಗಿಡಗಳ ನೆರಳಿಗೋ ಸರಿದುಬಿಡುತ್ತದೆ.

ಈ ಜೂನ್‌ನಲ್ಲಿ ಹೊತ್ತು ಮುಳುಗುವಾಗ ಹೋದೆ. ಗಾಳಿಗೆ ಅಲೆ ಬಡಿಯುತ್ತಿದ್ದ ದಡವನ್ನೇ ಹಿಡಿದೆ. ದಪ್ಪ ದಾರ ಬಿಚ್ಚಿ 6 ಪೌಂಡ್ ಎಳೆತ ತಾಳುವ ತೆಳು ದಾರ, ಸಣ್ಣ ಕೊಕ್ಕೆ, ಅದಕ್ಕೆ ಜೀವಂತ ಜಿಗಣೆ. (ಜಿಗಣೆಯನ್ನು ದುಡ್ಡು ಕೊಟ್ಟು ತಂದೆ ಅಂದರೆ ಮಲೆನಾಡಿನ ನಮ್ಮಮ್ಮ ನಂಬಲೇ ಇಲ್ಲ. ‘ಇಲ್ಲಿ ತೋಟಕ್ಕೆ ಹೋದರೆ ಇಂಬಳ ಪುಕ್ಕಟೆ ಕಾಲಿಗೇ ಹತ್ತುತ್ತಲ್ಲೋ!’) ಗಿಡಗಳ ಅಂಚಿನಲ್ಲಿ, ತಳದಿಂದ ಒಂದಡಿ ಮೇಲೆ ತೂಗುವಂತೆ ಬೆಂಡು ಕಟ್ಟಿದೆ.

ಬೆಂಡು ಗುಳುಂ ಅನ್ನಲಿಲ್ಲ, ಓರೆಯಾಗಿ ಮೆಲ್ಲಗೆ ಸರಿಯಿತು. ಮುಂಚೆಯಾಗಿದ್ದರೆ ಥಟ್ಟನೆ ಎಳೆದು ಕೆಡಿಸುತ್ತಿದ್ದೆ. 5 ಎಣಿಸಿ, ದಾರ ಬಿಗಿಯಾದ ಮೇಲೆ ಎತ್ತಿದೆ. 17 ಇಂಚು! ಬಾಲದ ಕೆಳತುದಿಯಲ್ಲಿ ಬಿಳಿ ಮಚ್ಚೆ, ಟಾರ್ಚ್ ಬೆಳಕು ಬಿಟ್ಟರೆ ಕಣ್ಣು ಹೊಳೆಯುವ ಗಾಜಿನ ಗೋಲಿ.