ಮಕ್ಕಳಿಗೆ ಸ್ಕೂಬಾ ಫಿನ್ಸ್: ಇಂದಿನ ಪಾದಕ್ಕೆ ಹೊಂದುವುದನ್ನೇ ಆರಿಸಿ

ಬೆಳೆಯುವ ಕಾಲು, ಒಂದು ಸೈಜ್ ದೊಡ್ಡದೇ ಇರಲಿ ಎಂದು ಶೂ ಕೊಳ್ಳುತ್ತೇವೆ. ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರೊಳಗೆ ಈಜುವ ಸ್ಕೂಬಾಗೆಂದು ಪಾದಕ್ಕೆ ತೊಡುವ, ಬಾತುಕಾಲಿನಂಥ ಫಿನ್ಸ್ ವಿಷಯದಲ್ಲಿ ಈ ಲೆಕ್ಕ ಹಾಕಲೇಬೇಡಿ. ಫಿನ್ ಸಡಿಲವಾಗಿದ್ದರೆ ಕಾಲು ಬಡಿದಾಗಲೆಲ್ಲ ಪಾದ ಒಳಗೆ ಜಾರುತ್ತದೆ, ಹಿಮ್ಮಡಿ ಉಜ್ಜಿ ಬೊಬ್ಬೆ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಫಿನ್ ಕಳಚಿಹೋಗದಿರಲಿ ಎಂದು ಮಗು ತನಗೇ ಗೊತ್ತಿಲ್ಲದೆ ಬೆರಳು ಮಡಚಿ ಹಿಡಿಯುತ್ತದೆ, ಆ ಬಿಗಿತಕ್ಕೆ ಅಂಗಾಲು ಮತ್ತು ಮೀನಖಂಡ ಸೆಳೆದುಕೊಳ್ಳುತ್ತವೆ. ನೀರೊಳಗೆ ಸೆಳೆತ ಬಂದ ಮಗು ಗಾಬರಿಯಾಗುವುದು ಸಹಜ.

ಮೊದಲು ಮಗು ಎಲ್ಲಿ ಡೈವ್ ಮಾಡಲಿದೆ ಎಂಬುದನ್ನು ನಿರ್ಧರಿಸಿ. ಡೈವಿಂಗ್ ತರಬೇತಿಯ ಪ್ಯಾಡಿ (PADI) ಸಂಸ್ಥೆಯ ನಿಯಮದಂತೆ 8 ವರ್ಷದ ಮಕ್ಕಳ ಬಬಲ್‌ಮೇಕರ್ ಎಂಬ ಮೊದಲ ಸ್ಕೂಬಾ ಅನುಭವ 2 ಮೀಟರ್ ಆಳವನ್ನು ಮೀರುವಂತಿಲ್ಲ. ಬೆಚ್ಚನೆಯ ಈಜುಕೊಳದಲ್ಲಿ ಅಷ್ಟಕ್ಕೆ ಬರಿಗಾಲಿಗೆ ಹಾಕುವ, ಹಿಮ್ಮಡಿಯನ್ನೂ ಮುಚ್ಚುವ ಫುಲ್-ಫುಟ್ ಫಿನ್ಸ್ ಸಾಕು. 10 ವರ್ಷಕ್ಕೆ ಜೂನಿಯರ್ ಓಪನ್ ವಾಟರ್ (ಸಮುದ್ರ, ಕೆರೆಯಂಥ ತೆರೆದ ನೀರಿನ) ಕೋರ್ಸ್‌ಗೆ ಸೇರಬಹುದು. 10–11ರ ವಯಸ್ಸಿಗೆ ಆಳದ ಮಿತಿ 12 ಮೀಟರ್. ಆಗ ಕಲ್ಲು, ಚಿಪ್ಪು, ದೋಣಿಯ ಏಣಿ, ತಣ್ಣೀರು ಎಲ್ಲವೂ ಎದುರಾಗುತ್ತವೆ. ಅಲ್ಲಿಗೆ ನಿಯೋಪ್ರೀನ್ (ಮೆತ್ತನೆಯ ರಬ್ಬರ್) ಬೂಟಿನ ಮೇಲೆ ಹಾಕುವ, ಹಿಂದೆ ಪಟ್ಟಿಯಿರುವ ಓಪನ್-ಹೀಲ್ ಫಿನ್ಸ್ ಬೇಕು.

ಓಪನ್-ಹೀಲ್ ಆದರೆ ಮೊದಲು ಬೂಟು, ಆಮೇಲೆ ಫಿನ್. ಈ ಕ್ರಮ ತಪ್ಪಿದರೆ ಎರಡರಲ್ಲೊಂದು ವ್ಯರ್ಥ. 3 ಮಿ.ಮೀ. ದಪ್ಪದ ಬೂಟಿಗೆ ಹೊಂದಿದ ಫಿನ್‌ಗೆ 5 ಮಿ.ಮೀ. ದಪ್ಪದ ಬೂಟು ತೂರುವುದೇ ಇಲ್ಲದಿರಬಹುದು. ಪಟ್ಟಿ ಉದ್ದವಾಗುತ್ತದೆ, ಹಾಗಾಗಿ ಎರಡು ವರ್ಷ ಬರುತ್ತದೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಪಟ್ಟಿ ಉದ್ದವಾದೀತು, ಪಾದ ಕೂರುವ ಗೂಡಿನ ಅಗಲ ಬದಲಾಗದು.

ಅಳತೆಯನ್ನು ಸಂಜೆ ತೆಗೆದುಕೊಳ್ಳಿ, ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ. ಹಿಮ್ಮಡಿ ಗೋಡೆಗೆ ತಾಗುವಂತೆ ಮಗುವನ್ನು ಕಾಗದದ ಮೇಲೆ ನಿಲ್ಲಿಸಿ, ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಿರಿ. ಎರಡೂ ಪಾದ ಅಳೆದು ದೊಡ್ಡದನ್ನು ಲೆಕ್ಕಕ್ಕಿಡಿ. ಒಂದು ಕಂಪನಿಯ 32 ಇನ್ನೊಂದರ 32 ಆಗಿರುವುದಿಲ್ಲ, ಆದ್ದರಿಂದ ಕಂಪನಿಯ ಸೈಜ್ ಕೋಷ್ಟಕದಲ್ಲಿ ಸೆಂಟಿಮೀಟರ್ ಅಂಕಿಯನ್ನೇ ನೋಡಿ.

ತೊಡಿಸಿ ನೋಡುವಾಗ ಮಗುವನ್ನು ಕೂರಿಸಿ, ಕಾಲೆತ್ತಿ ಜೋರಾಗಿ ಅಲ್ಲಾಡಿಸಲು ಹೇಳಿ. ಫುಲ್-ಫುಟ್ ಫಿನ್‌ನಲ್ಲಿ ಹಿಮ್ಮಡಿ ಮೇಲೇಳಬಾರದು, ಬೆರಳುಗಳು ಮಡಚಿಕೊಳ್ಳದೆ ನೇರವಾಗಿರಬೇಕು. ಓಪನ್-ಹೀಲ್‌ನಲ್ಲಿ ಪಟ್ಟಿ ಹಿಮ್ಮಡಿಯ ಉಬ್ಬಿನ ಮೇಲೆ ಕೂರಬೇಕು. ಅದಕ್ಕಿಂತ ಮೇಲೆ, ಹಿಮ್ಮಡಿಯ ಹಿಂಬದಿಯ ಸ್ನಾಯುರಜ್ಜುವಿನ ಮೇಲೆ ಕೂತರೆ ಕೊರೆಯುತ್ತದೆ. ಹತ್ತು ನಿಮಿಷ ಹಾಗೆಯೇ ಇಟ್ಟು ಬಿಚ್ಚಿ. ಪಾದದ ಮೇಲ್ಭಾಗದಲ್ಲಿ ಗಾಢ ಕೆಂಪು ಗೆರೆ ಮೂಡಿದ್ದರೆ, ಬೆರಳು ಜೋಮು ಹಿಡಿದಿದ್ದರೆ ಅದು ಬಿಗಿ.

ಬ್ಲೇಡ್‌ನ, ಅಂದರೆ ನೀರನ್ನು ತಳ್ಳುವ ಚಪ್ಪಟೆ ಭಾಗದ ಗಡಸುತನವನ್ನು ನಿಮ್ಮ ಕೈಯಿಂದಲ್ಲ, ಮಗುವಿನ ಕೈಯಿಂದ ಪರೀಕ್ಷಿಸಿ. ಫಿನ್‌ನ ತುದಿಯನ್ನು ನೆಲಕ್ಕೆ ಒತ್ತಿದರೆ ಅದು ಬಿಲ್ಲಿನಂತೆ ಬಾಗಬೇಕು. ಮಗುವಿಗೆ ಬಾಗಿಸಲಾಗದಿದ್ದರೆ ಅದರ ಕಾಲಿಗೂ ಭಾರವೇ. ದೊಡ್ಡವರ ಫಿನ್ಸ್‌ನ ಅತಿ ಚಿಕ್ಕ ಸೈಜ್‌ನಲ್ಲಿ ಈ ತೊಂದರೆ ಹೆಚ್ಚು: ಗೂಡು ಚಿಕ್ಕದು, ಬ್ಲೇಡ್ ಮಾತ್ರ ದೊಡ್ಡವರ ಬಲಕ್ಕೆ ಮಾಡಿದ್ದು. ಹಾಗೆಂದು ಆಟದ ಸಾಮಾನಿನಂತೆ ಮಡಚಿಬೀಳುವುದೂ ಬೇಡ. ಸಿಲಿಂಡರ್, ಜಾಕೆಟ್ ಹೊತ್ತ ಮೈಗೆ ನೀರಿನ ಎಳೆತ ಜಾಸ್ತಿ, ತೀರಾ ಮೆತ್ತನೆಯ ಬ್ಲೇಡ್ ಅದನ್ನು ಮುಂದೆ ತಳ್ಳದು. ಸ್ನಾರ್ಕೆಲ್‌ಗೆಂದು (ನಳಿಕೆಯಿಂದ ಉಸಿರಾಡುತ್ತ ನೀರಿನ ಮೇಲ್ಮೈಯಲ್ಲಿ ಈಜಲು) ಮಾಡಿದ ಗಿಡ್ಡ ಫಿನ್ಸ್ ಸ್ಕೂಬಾಗೆ ಸಾಲದಿರುವುದೂ ಇದಕ್ಕೇ. ಎರಡೂ ಕಾಲನ್ನು ಸೇರಿಸಿ ಕಟ್ಟುವ ಮತ್ಸ್ಯಕನ್ಯೆಯ ಬಾಲದಂಥ ಮೊನೊಫಿನ್ ಸ್ಕೂಬಾ ಕಲಿಯುವ ಮಗುವಿಗೆ ಬೇಡವೇ ಬೇಡ.

ಸಾಧ್ಯವಾದರೆ ಬಾಡಿಗೆಗೆ ತಂದು ಕೊಳದಲ್ಲಿ 25 ಮೀಟರ್ ಈಜಿಸಿ, ಪಕ್ಕದಿಂದ ನೋಡಿ. ನಿಜವಾದ ಉತ್ತರ ಸಿಗುವುದು ಇಲ್ಲೇ. ಮಂಡಿಯನ್ನು ಎದೆಯತ್ತ ಎಳೆದು ಸೈಕಲ್ ತುಳಿದಂತೆ ಬಡಿಯುತ್ತಿದ್ದರೆ ಬ್ಲೇಡ್ ಗಡುಸಾಗಿದೆಯೇ ಎಂದು ಮೊದಲು ಅನುಮಾನಿಸಿ, ತಂತ್ರವನ್ನು ಆಮೇಲೆ ತಿದ್ದಿ. ಫಿನ್ ಅತ್ತಿತ್ತ ತಿರುಚಿಕೊಳ್ಳುತ್ತಿದ್ದರೆ ಗೂಡು ಸಡಿಲ. ಸುಮ್ಮನೆ ತೇಲುವಾಗ ಕಾಲುಗಳು ಕೆಳಗೆ ಜಗ್ಗುತ್ತಿದ್ದರೆ ಭಾರದ ರಬ್ಬರ್ ಬಿಟ್ಟು ಹಗುರ ಪ್ಲಾಸ್ಟಿಕ್ ಬ್ಲೇಡ್ ಹಾಕಿ ನೋಡಿ.

ಒದ್ದೆ ಕೈಯಲ್ಲಿ ಮಗು ತಾನೇ ಪಟ್ಟಿ ಹಾಕಿ ಬಿಚ್ಚಬಲ್ಲದೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ. ಬಕಲ್‌ಗಿಂತ ಹಿಂದೆ ಹಿಡಿಕೆಯಿರುವ ಸ್ಪ್ರಿಂಗ್ ಅಥವಾ ಬಂಜಿ (ಎಳೆದರೆ ಹಿಗ್ಗುವ) ಪಟ್ಟಿ ಚಿಕ್ಕ ಬೆರಳುಗಳಿಗೆ ಸುಲಭ. ಒಂದು ಕೈಯಲ್ಲಿ ಏಣಿ ಹಿಡಿದ ಮೇಲೆಯೇ ಫಿನ್ ಬಿಚ್ಚಬೇಕು ಎಂಬುದನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಿ.

ಅಣ್ಣನದೋ ಅಕ್ಕನದೋ ಹಳೆಯ ಜೋಡಿ ಕೊಡುವುದು ಒಳ್ಳೆಯ ಯೋಚನೆ. ಆದರೆ ಪಟ್ಟಿಯನ್ನು ಎಳೆದು ಹಿಡಿದು ತೂತುಗಳ ಸುತ್ತ ಬೆಳಕಿನಲ್ಲಿ ನೋಡಿ. ಕೂದಲೆಳೆಯ ಬಿರುಕು ಕಂಡರೂ ಪಟ್ಟಿ ಬದಲಿಸಿ. ಗೂಡಿನ ರಬ್ಬರ್ ಅಂಟಂಟಾಗಿದ್ದರೆ ಅಥವಾ ಬಿಸಿಲಿಗೆ ಒಣಗಿ ಸೀಳಿದ್ದರೆ ಆ ಫಿನ್ ಬೇಡ. ತುದಿಯ ಮೇಲೆ ನಿಲ್ಲಿಸಿಟ್ಟು ಸೊಟ್ಟಗಾದ ಬ್ಲೇಡ್ ಎಡಕ್ಕೋ ಬಲಕ್ಕೋ ಎಳೆಯುತ್ತಿರುತ್ತದೆ, ಅದನ್ನೂ ಪಕ್ಕಕ್ಕಿಡಿ.