ಬೆಂಗಳೂರಿಗೆ ಫ್ಯಾಮಿಲಿ ಶಿಫ್ಟ್ ಮಾಡ್ತಿದೀರಾ? ಏರಿಯಾ ಹಿಂಗೆ ಹುಡುಕಿ

ಮೊದ್ಲು ಮಕ್ಕಳ ಸ್ಕೂಲ್ ಫಿಕ್ಸ್ ಮಾಡಿ, ಆಮೇಲೆ ಅದರ ಸುತ್ತ ಮೂರ್ನಾಲ್ಕು ಕಿಲೋಮೀಟರ್ ಒಳಗೆ ಮನೆ ನೋಡಿ, ಯಾಕಂದ್ರೆ ನಾವು ಮೆಟ್ರೋದಲ್ಲಿ ಒಂದು ಗಂಟೆ ನಿಂತ್ಕೊಂಡು ಹೋಗ್ಬಹುದು, ಎಲ್‌ಕೆಜಿ ಮಗು ವ್ಯಾನಲ್ಲಿ ಅಷ್ಟೊತ್ತು ಕೂರಲ್ಲ. ಆಫೀಸ್ ವೈಟ್‌ಫೀಲ್ಡಲ್ಲಿದ್ರೂ ಪರ್ಪಲ್ ಲೈನ್ ಇದೆ ಅಂತ ವಿಜಯನಗರದಲ್ಲೇ ಇರೋರು ಇದಾರೆ. ಎಲೆಕ್ಟ್ರಾನಿಕ್ ಸಿಟಿಗಾದ್ರೆ 2025ರ ಆಗಸ್ಟಲ್ಲಿ ಯೆಲ್ಲೋ ಲೈನ್ ಶುರುವಾಯ್ತು, ಸಿಲ್ಕ್ ಬೋರ್ಡ್ ಜಾಮನ್ನ ಮೇಲಿಂದ ನೋಡ್ಕೊಂಡು ಹೋಗ್ಬಹುದು!

ಎಲ್ಲಕ್ಕಿಂತ ಮುಖ್ಯ ನೀರು. ಓನರ್ ಕೇಳಿದ್ರೆ "ನೀರಿಗೇನೂ ತೊಂದ್ರೆ ಇಲ್ಲ ಸಾರ್" ಅಂತಾನೇ ಹೇಳೋದು, ಅದಕ್ಕೆ ವಾಚ್‌ಮನ್ ಹತ್ರ, ಪಕ್ಕದ ಮನೆ ಆಂಟಿ ಹತ್ರ ಕೇಳಿ: ಕಾವೇರಿ ಎಷ್ಟು ದಿನಕ್ಕೊಮ್ಮೆ ಬರುತ್ತೆ, ಬೋರ್ ಇದ್ಯಾ, 2024ರ ಬೇಸಿಗೇಲಿ ಟ್ಯಾಂಕರ್‌ಗೆ ಎಷ್ಟು ಸುರಿದ್ರಿ ಅಂತ. ಬಾಡಿಗೆ ಕಮ್ಮಿ ಅಂತ ಖುಷಿಯಾಗಿ ಹೋಗಿ ಆಮೇಲೆ ಟ್ಯಾಂಕರ್ ದುಡ್ಡು ಕಟ್ಟೋರನ್ನ ಬೇಕಾದಷ್ಟು ನೋಡಿದೀನಿ.

ಜೋರು ಮಳೆ ಬಂದ ಮಾರನೇ ದಿನ ಒಂದ್ಸಲ ಏರಿಯಾ ಸುತ್ತಿ. 2022ರ ಸೆಪ್ಟೆಂಬರಲ್ಲಿ ಸರ್ಜಾಪುರ ರೋಡ್ ಕಡೆ ನೀರು ನುಗ್ಗಿ ಕೋಟಿ ಬೆಲೆ ವಿಲ್ಲಾದವ್ರೂ ಆಚೆ ಬರೋಕೆ ಟ್ರ್ಯಾಕ್ಟರ್ ಹತ್ತಿದ್ರು. ರಾಜಕಾಲುವೆ (ಮಳೆನೀರು ಹರಿಯೋ ದೊಡ್ಡ ಕಾಲುವೆ), ಕೆರೆ ಪಕ್ಕ ಇದ್ರೆ ಗ್ರೌಂಡ್ ಫ್ಲೋರ್ ಬೇಡವೇ ಬೇಡ.

ಅಡ್ವಾನ್ಸ್ ಹತ್ತು ತಿಂಗಳು ಅಂದ್ರೆ ಚೌಕಾಸಿ ಮಾಡಿ, ಪೇಂಟಿಂಗ್‌ಗೆ ಎಷ್ಟು ಹಿಡ್ಕೊಳ್ತಾರೆ ಅಂತ ಅಗ್ರಿಮೆಂಟಲ್ಲೇ ಬರೆಸ್ಕೊಳ್ಳಿ.