ಬಸ್ ಆ್ಯಪ್ ಮಾಡುವ ಮುನ್ನ ಬಸ್ ಹತ್ತಿ

ನಗರ ಸಾರಿಗೆಯ ಆ್ಯಪ್‌ಗಳಿಗೆ ನಿಲ್ದಾಣಗಳ ಮಾಹಿತಿ ಸೇರಿಸುವುದು ನನ್ನ ಕೆಲಸ. ಹೊಸ ಆ್ಯಪ್ ಎಂದ ಕೂಡಲೇ ಪರದೆಯ ಬಣ್ಣ, ಲಾಂಛನ ಎಂದು ವಾರಗಟ್ಟಲೆ ಚರ್ಚಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊದಲು ನಿಲ್ದಾಣಗಳ ಪಟ್ಟಿ ಸರಿಯಾಗಬೇಕು.

ಕಚೇರಿ ಕೊಟ್ಟ ಪಟ್ಟಿ ಹಿಡಿದು ಒಂದು ಮಾರ್ಗದ ಉದ್ದಕ್ಕೂ ಬಸ್ಸಿನಲ್ಲೇ ಹೋಗಿ ಬನ್ನಿ. ರಸ್ತೆಯ ಎರಡೂ ಬದಿಯ ನಿಲ್ದಾಣಗಳಿಗೆ ಹೆಸರು ಒಂದೇ, ಜಾಗ ಬೇರೆ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಚುಕ್ಕೆ ಇಟ್ಟರೆ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಪ್ರಯಾಣಿಕರು ತಪ್ಪು ಬದಿಯಲ್ಲಿ ನಿಂತಿರುತ್ತಾರೆ. ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಅವರ 500ಡಿ ಸಂಖ್ಯೆಯ ಬಸ್ ಹೊರಟುಹೋಗಿರುತ್ತದೆ. ಪ್ರತಿ ಬದಿಗೂ ಬೇರೆ ಸಂಖ್ಯೆ ಕೊಡಿ, ‘ಹೆಬ್ಬಾಳದ ಕಡೆಗೆ’ ಎಂದು ದಿಕ್ಕು ಬರೆಯಿರಿ. ಬಸ್ ನಿಜವಾಗಿ ನಿಲ್ಲುವುದು ತಂಗುದಾಣದ ಮುಂದೆಯೋ, ಸಿಗ್ನಲ್ ದಾಟಿದ ಮೇಲೋ ಎಂದು ಕಂಡಕ್ಟರ್‌ ಅವರನ್ನೇ ಕೇಳಿ. ಅವರಷ್ಟು ಖಚಿತವಾಗಿ ಯಾವ ಉಪಗ್ರಹ ನಕ್ಷೆಯೂ ಹೇಳದು.

ಹೆಸರನ್ನೇ ಗುರುತಾಗಿ ಬಳಸಬೇಡಿ. ಹೆಸರು ಬದಲಾಗುತ್ತದೆ, ಸಂಖ್ಯೆ ಉಳಿಯುತ್ತದೆ. ಫಲಕದಲ್ಲಿ ‘ಕೆಂಪೇಗೌಡ ಬಸ್ ನಿಲ್ದಾಣ’ ಎಂದಿದ್ದರೂ ಜನ ಹುಡುಕುವುದು ‘ಮೆಜೆಸ್ಟಿಕ್’. ಎರಡಕ್ಕೂ ಉತ್ತರ ಸಿಗಬೇಕು.

ಇನ್ನು ಕಡೆಯ ಬಸ್. ಜಿಟಿಎಫ್ಎಸ್ ಎಂಬ ಸಾರಿಗೆ ಮಾಹಿತಿಯ ಮಾದರಿಯಲ್ಲಿ, ಮಧ್ಯರಾತ್ರಿ ದಾಟಿ 12:40ಕ್ಕೆ ಬರುವ ಬಸ್ ಹಿಂದಿನ ದಿನದ ಸೇವೆಗೇ ಸೇರಿದ್ದರೆ ಅದನ್ನು 24:40:00 ಎಂದು ಬರೆಯುತ್ತಾರೆ. ಇದನ್ನರಿಯದ ತಂತ್ರಾಂಶ ಆ ಸಾಲನ್ನು ತಪ್ಪೆಂದು ಕೈಬಿಡುತ್ತದೆ. ಪಾಳಿ ಮುಗಿಸಿ ಬಂದ ನರ್ಸ್‌ಗೆ ‘ಬಸ್ ಇಲ್ಲ’ ಎಂಬ ಉತ್ತರ ಸಿಗುತ್ತದೆ. ಪ್ರತಿ ಮಾರ್ಗದ ಕಡೆಯ ಬಸ್ಸನ್ನು ಬಿಡದೆ ಪರೀಕ್ಷಿಸಿ.

ಬಸ್ಸಿನ ಜಿಪಿಎಸ್ ಮೌನವಾದ ಮೇಲೂ ‘5 ನಿಮಿಷದಲ್ಲಿ’ ಎಂದು ತೋರಿಸುತ್ತಲೇ ಇರುವುದು ಜನರಿಗೆ ಹೇಳುವ ಸುಳ್ಳು. ಮಾಹಿತಿ ಎಷ್ಟು ನಿಮಿಷ ಹಳೆಯದು ಎಂದು ತೋರಿಸಿ. ಲೆಕ್ಕ ವೇಳಾಪಟ್ಟಿಯದಾಗಿದ್ದರೆ ‘ವೇಳಾಪಟ್ಟಿಯ ಪ್ರಕಾರ’ ಎಂದೇ ಬರೆಯಿರಿ.

ಆ್ಯಪ್‌ನ ಪರದೆಯಲ್ಲಿ, ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಬಟನ್‌ಗಳಲ್ಲಿ ನಮ್ಮ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ’ ಎಂದು ಹಾಕಿ ನೋಡಿ. ಉದ್ದವೂ ಒತ್ತೂ ಒಟ್ಟಿಗೆ ಪರೀಕ್ಷೆಯಾಗುತ್ತವೆ.

ಕೊನೆಗೆ ಗುತ್ತಿಗೆಯ ಕರಾರು. ನನ್ನ ಮಟ್ಟಿಗೆ ದೊಡ್ಡ ಹಳ್ಳ ಇರುವುದು ಇಲ್ಲೇ. ಉದಾಹರಣೆಗೆ, 2015ರ ಜೂನ್‌ನಲ್ಲಿ ಶುರುವಾದ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ತುಮಕೂರು, ದಾವಣಗೆರೆ, ಬೆಳಗಾವಿಯಂಥ ಊರುಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಕಂಪನಿಗಳನ್ನು ಕಟ್ಟಿದ್ದರು. ಯೋಜನೆಗೆ ಕೊನೆಯ ದಿನವಿದ್ದರೂ ಜನ ಮರುದಿನವೂ ಬಸ್ಸಿಗೆ ಕಾಯುತ್ತಾರಲ್ಲ! ಗುತ್ತಿಗೆ ಮುಗಿದ ಮೇಲೆ ಸರ್ವರ್ ಬಾಡಿಗೆ ಯಾರು ಕಟ್ಟುತ್ತಾರೆ, ಮಾಹಿತಿ ಯಾರ ಸ್ವತ್ತು ಎಂಬುದನ್ನು ಟೆಂಡರ್‌ನಲ್ಲೇ ಬರೆಸಿಕೊಳ್ಳಿ. ಮಾರ್ಗ ಬದಲಾದ ದಿನವೇ ಡಿಪೋ ಸಿಬ್ಬಂದಿ ತಾವೇ ತಿದ್ದಬಹುದಾದ ಸರಳ ಕನ್ನಡ ಪುಟವೊಂದನ್ನು ಮಾಡಿಕೊಡಿ. ಅದರ ಪಾಸ್‌ವರ್ಡ್ ಗುತ್ತಿಗೆದಾರರ ಬಳಿಯಲ್ಲ, ಸಾರಿಗೆ ಸಂಸ್ಥೆಯ ಬಳಿ ಇರಲಿ.